ರಾಜೀನಾಮೆಯ ಮುಸುಕಿನಲ್ಲಿ ಲೇಆಫ್

ಮಾನ್ಯ ಸಂಪಾದಕರೇ,

ಪ್ರಾಜೆಕ್ಟ್ ಮುಗಿದು ‘ಬೆಂಚಿಗೆ’ ಬಂದ, ಅಂದರೆ ಮುಂದಿನ ಪ್ರಾಜೆಕ್ಟ್‌ಗೆ ಕಾಯುತ್ತಿರುವ ಐ.ಟಿ. ನೌಕರರನ್ನು ಎಚ್‌ಆರ್‌ನವರು ಕರೆದು, ಕೂತಲ್ಲೇ ರಾಜೀನಾಮೆ ಬರೆಸಿಕೊಳ್ಳುವುದು ಮಾಮೂಲಾಗಿದೆ. ‘ನೀವಾಗಿ ಬಿಟ್ಟರೆ ಎರಡು ತಿಂಗಳ ಸಂಬಳ, ಇಲ್ಲವಾದರೆ ಟರ್ಮಿನೇಷನ್’ ಎಂದಾಗ ಹೆದರಿ ಸಹಿ ಹಾಕುತ್ತಾರೆ. ಆ ಸಹಿಗೆ ತೆರುವ ಬೆಲೆ ದೊಡ್ಡದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಒಂದು ವರ್ಷ ಸತತ ಸೇವೆ ಆದವರನ್ನು ‘ಹೆಚ್ಚುವರಿ’ ಎಂದು ತೆಗೆಯಲು ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ವೇತನವನ್ನು ಪರಿಹಾರವಾಗಿ ಕೊಡಬೇಕು. ಕೆಲಸ ಕಳೆದುಕೊಂಡವರಿಗೇ ಸಲ್ಲುವ ಮರುಕೌಶಲ ನಿಧಿಗೂ 15 ದಿನದ ವೇತನ ಕಟ್ಟಬೇಕು. ಲೆಕ್ಕಕ್ಕೆ ಬರುವ ತಿಂಗಳ ವೇತನ ₹60,000, ಸೇವೆ 6 ವರ್ಷ ಎಂದುಕೊಳ್ಳಿ: ನೋಟಿಸ್ ಬದಲು ₹60,000, ಪರಿಹಾರ ₹1,80,000, ನಿಧಿಯ ₹30,000 ಸೇರಿ ₹2,70,000. ಕಂಪನಿಯ ‘ಔದಾರ್ಯ’ ₹1,20,000! ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ ಬರುವಂಥದ್ದು. ಅದನ್ನೂ ‘ಪ್ಯಾಕೇಜ್’ಗೆ ಸೇರಿಸಿ ತೋರಿಸಿದರೆ ನಂಬಬೇಡಿ.

ಹುದ್ದೆಯ ಹೆಸರು ‘ಲೀಡ್’ ಆದ ಮಾತ್ರಕ್ಕೆ ಕಾಯ್ದೆಯ ರಕ್ಷಣೆ ತಪ್ಪುವುದಿಲ್ಲ, ನಿಜವಾಗಿ ಮಾಡುವ ಕೆಲಸವೇ ಮುಖ್ಯ. ಕೋಡಿಂಗ್, ಟೆಸ್ಟಿಂಗ್ ತಾಂತ್ರಿಕ ಕೆಲಸಗಳು, ರಕ್ಷಣೆಯಿಂದ ಹೊರಗಿರುವ ಮ್ಯಾನೇಜರ್ ಕೆಲಸವಲ್ಲ.

ಕೊಠಡಿಯಲ್ಲಿ ಸಹಿ ಹಾಕದೆ, ಹೇಳಿದ್ದನ್ನು ಲಿಖಿತವಾಗಿ ಕೇಳಿ. ಅಂದೇ ಸ್ವಂತ ಇಮೇಲ್‌ನಿಂದ ‘ರಾಜೀನಾಮೆಗೆ ಒತ್ತಾಯಿಸಿದ್ದೀರಿ, ನಾನು ಕೊಟ್ಟಿಲ್ಲ’ ಎಂದು ಬರೆಯಿರಿ. ಲ್ಯಾಪ್‌ಟಾಪ್ ಲಾಗಿನ್ ಅದೇ ಗಂಟೆಯಲ್ಲಿ ಬಂದ್ ಆಗಬಹುದಾದ್ದರಿಂದ ನೇಮಕಾತಿ ಪತ್ರ, ಸಂಬಳದ ಚೀಟಿ, ರೇಟಿಂಗ್ ಪ್ರತಿಗಳು ಮೊದಲೇ ಕೈಯಲ್ಲಿರಲಿ. ಗ್ರಾಹಕರ ಕೋಡ್ ಮುಟ್ಟಲೇಬೇಡಿ. ದುರ್ನಡತೆಯ ಆರೋಪ ಹೊರಿಸಲು ಅಷ್ಟೇ ಸಾಕು. ಸಹಿ ಹಾಕಿಬಿಟ್ಟಿದ್ದರೆ, ಅಂಗೀಕಾರವಾಗುವ ಮುನ್ನವೇ ಹಿಂಪಡೆಯುವ ಪತ್ರ ಕಳಿಸಿ. ಆನಂತರ ಕಾರ್ಮಿಕ ಇಲಾಖೆಯ ರಾಜಿ ಸಂಧಾನಾಧಿಕಾರಿಗೆ ಅರ್ಜಿ. 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಆದರೆ ತೆಗೆದುಹಾಕಿದ ಎರಡು ವರ್ಷದೊಳಗೆ.

ಏಜೆನ್ಸಿ ಮೂಲಕ ಹೊರಗುತ್ತಿಗೆಯಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಅವಧಿ ನಿಗದಿಯಾದ ಒಪ್ಪಂದ ಮುಗಿದರೆ ಅದು ವಜಾ ಅಲ್ಲ, ಪರಿಹಾರವೂ ಇಲ್ಲ. ಹಾಗಾಗಿ ಆಫರ್ ಲೆಟರ್‌ನಲ್ಲಿ ‘ಫಿಕ್ಸೆಡ್ ಟರ್ಮ್’ ಎಂದಿದೆಯೇ ಎಂದು ಸೇರುವ ಮುನ್ನವೇ ನೋಡಿಕೊಳ್ಳಬೇಕು.

ಇನ್ನು ಸರ್ಕಾರದ ಮಾತು. ಐ.ಟಿ. ಕಂಪನಿಗಳಿಗೆ ಆಗ ಜಾರಿಯಲ್ಲಿದ್ದ ಸ್ಥಾಯಿ ಆದೇಶಗಳ (ನೌಕರರ ಸೇವಾ ನಿಯಮಗಳ) ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ 5 ವರ್ಷ ವಿಸ್ತರಿಸಿತು. ಅಮಾನತು, ವಜಾಗಳನ್ನು ಇಲಾಖೆಗೆ ತಿಳಿಸಬೇಕೆಂಬುದು ಅದರ ಷರತ್ತು. ವಜಾವನ್ನೇ ರಾಜೀನಾಮೆ ಎಂದು ಬರೆದುಕೊಂಡರೆ ತಿಳಿಸುವುದಕ್ಕೆ ಏನಿದೆ? ಕಂಪನಿಗಳು ಪ್ರತಿ ತಿಂಗಳ ರಾಜೀನಾಮೆಗಳ ಸಂಖ್ಯೆಯನ್ನೂ ಸಲ್ಲಿಸುವಂತೆ ಕಾರ್ಮಿಕ ಇಲಾಖೆ ಆದೇಶಿಸಲಿ. ಒಂದೇ ವಾರದಲ್ಲಿ ಒಂದೇ ವಿಭಾಗದ ಹತ್ತಾರು ಮಂದಿ ‘ಸ್ವಇಚ್ಛೆ’ಯಿಂದ ಬಿಟ್ಟಿದ್ದರೆ ಅಧಿಕಾರಿಗಳು ಅಲ್ಲಿಗೆ ಹೋಗಿ ವಿಚಾರಿಸಲಿ.

– ಕಾರ್ಮಿಕ ಕಾಯ್ದೆಗಳ ವಕೀಲ, ಬೆಂಗಳೂರು