ಸುಟ್ಟ ನೆಗೆಟಿವ್‌ನಿಂದ ಎದ್ದುಬಂದ ಅಪು

ಗೆಳೆಯಾ,

ಕಳೆದ ವಾರ ಸತ್ಯಜಿತ್ ರೇ ಅವರ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ ಮತ್ತೆ ನೋಡಿದೆ, ಅದೇ ಪುಟ್ಟ ಅಪು, ಅವನಕ್ಕ ದುರ್ಗಾ, ಅಪ್ಪ ಹರಿಹರ, ಅಮ್ಮ ಸರ್ಬಜಯಾ ಇರುವ ಬಡ ಮನೆಯ ಕಥೆ. ಹಳೆ ಸಿನಿಮಾಗಳನ್ನು ಸರಿಪಡಿಸಿ ತರುವ ಅಮೆರಿಕದ ಕ್ರೈಟೀರಿಯನ್ ಕಂಪನಿಯವರು 2015ರಲ್ಲಿ ತಂದ ಬ್ಲೂ-ರೇ ಡಿಸ್ಕ್. ಹಳೆ ಸಿನಿಮಾ ಹಳೆಯದಾಗೇ ಕಾಣಬೇಕು, ಗೀರು, ಮಸುಕು ಇದ್ದರೇ ಚೆಂದ ಅಂತ ವಾದ ಮಾಡ್ತೀಯಲ್ಲ, ಅದಕ್ಕೇ ಈ ಪತ್ರ. ಹರಿಹರನ ಮನೆ ಪಾಳು ಬಿದ್ದಿರಬೇಕು, ಸರಿ. ಪ್ರಿಂಟ್ ಯಾಕೆ ಪಾಳು ಬೀಳಬೇಕು?

ಈ ಸಿನಿಮಾದ ನೆಗೆಟಿವ್, ಅಂದರೆ ಪ್ರಿಂಟ್‌ಗಳನ್ನು ತೆಗೆಯುವ ಮೂಲ ಫಿಲ್ಮು, ಅದರ ಕಥೆಯೇ ಒಂದು ಸಿನಿಮಾ. 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದಕ್ಕೆ ಬೆಂಕಿ ಬಿದ್ದು, ಸತ್ಯಜಿತ್ ರೇ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್ ಸುಟ್ಟವು. ಉಳಿದ ಚೂರುಗಳನ್ನು ಯಾರೂ ಎಸೆಯಲಿಲ್ಲ, ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಚಿತ್ರಸಂಗ್ರಹದಲ್ಲಿ ಇಟ್ಟಿದ್ದರು. ಎರಡು ದಶಕ ಕಳೆದ ಮೇಲೆ ಇಟಲಿಯ ಬೊಲೊನ್ಯಾದ ಲ್ಯಾಬ್‌ನವರು ಆ ಒಣಗಿ ಮುರುಟಿದ ಫಿಲ್ಮಿಗೆ ದ್ರಾವಣದಿಂದ ಮತ್ತೆ ತೇವ ಕೊಟ್ಟು, ಕೈಯಲ್ಲೇ ರಿಪೇರಿ ಮಾಡಿ, ಸ್ಕ್ಯಾನ್ ಮಾಡಿದರು. ಪೂರ್ತಿ ಹಾಳಾದ ಕಡೆ ಬೇರೆ ಪ್ರತಿಗಳಿಂದ ತುಂಬಿದ್ದಾರೆ. ಅಂಥ ಶಾಟ್‌ಗಳು ಸ್ವಲ್ಪ ಮಂಕಾಗಿ ಕಾಣುತ್ತವೆ. ನನಗದು ತೊಂದರೆ ಅನ್ನಿಸಲಿಲ್ಲ. ನೀನಂತೂ ಖುಷಿಪಡ್ತೀಯ ಬಿಡು.

ನಾನು ಹೇಳಬೇಕಾಗಿರೋದು ಆ ಸರದ ವಿಷಯ, ದುರ್ಗಾ ಕದ್ದಳು ಅಂತ ನೆರೆಮನೆಯವರು ದೂರಿದ್ದ ಸರ. ದುರ್ಗಾ ಸತ್ತಿದ್ದಾಳೆ. ಮನೆಯವರು ಊರು ಬಿಡೋಕೆ ಗಂಟುಮೂಟೆ ಕಟ್ಟುತ್ತಿದ್ದಾರೆ. ಅಪುವಿಗೆ ಒಂದು ಚಿಪ್ಪಿನೊಳಗೆ ಮಣಿಸರ ಸಿಗುತ್ತದೆ. ಅಂದರೆ ಅಕ್ಕ ಕದ್ದಿದ್ದು ನಿಜ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ಸಿನಿಮಾಗೆ ಮೂಲವಾದ ವಿಭೂತಿಭೂಷಣರ ಕಾದಂಬರಿಯಲ್ಲಿ ಅದು ಸರವಲ್ಲ, ಚಿನ್ನದ ಕುಂಕುಮದ ಭರಣಿ. ಎಸೆಯೋದು ಬಿದಿರು ಮೆಳೆಗೆ. ಬಿದಿರಿಗೆ ಬಿದ್ದದ್ದನ್ನು ಯಾರಾದರೂ ಹುಡುಕಿ ತೆಗೆಯಬಹುದು, ಅಲ್ವಾ? ನೀರಿಗೆ ಬಿದ್ದದ್ದು ಹೋದಂತೆಯೇ. ರೇ ಆ ನೀರನ್ನು ಸುಮ್ನೆ ತೋರಿಸುತ್ತಾರೆ. ಪಾಚಿ ತೆರೆದು ಕಪ್ಪು ನೀರು ಕಾಣುತ್ತದೆ. ಆಮೇಲೆ ಪಾಚಿ ನಿಧಾನವಾಗಿ ಬಂದು ಮುಚ್ಚಿಕೊಳ್ಳುತ್ತದೆ. ಹಿಂದೆ ಟಿವಿಯಲ್ಲಿ ನೋಡಿದಾಗ ನನಗೆ ಕಂಡಿದ್ದು ಬೂದು ಬಣ್ಣದ ಒಂದು ಚೌಕ, ಅಷ್ಟೇ. ಅಪು ಅಕ್ಕನ ಗುಟ್ಟನ್ನು ಮುಚ್ಚಿಟ್ಟ ಅನ್ನೋದು ಬುದ್ಧಿಗೆ ಗೊತ್ತಿತ್ತು. ಕಣ್ಣಿಗೆ ಕಂಡಿದ್ದು ಈಗ. ಪುಸ್ತಕವನ್ನು ಬದಲಾಯಿಸಿ ರೇ ಗೆದ್ದ ಜಾಗ ಇದು, ಅದು ನಿಂತಿರೋದೇ ಆ ಪಾಚಿಯ ಮೇಲೆ.

ಆ ಮನೆಯಲ್ಲೇ ಇರುವ ಮುದುಕಿ ಇಂದಿರ್ ಠಾಕ್ರುಣ್ ಅಜ್ಜಿ ಕಾದಂಬರಿಯಲ್ಲಿ ಬೇಗ ತೀರಿಹೋಗುತ್ತಾಳೆ. ಸಿನಿಮಾದಲ್ಲಿ ಎಷ್ಟೋ ಹೊತ್ತು ಇರುತ್ತಾಳೆ. ಆ ಪಾತ್ರ ಮಾಡಿದ ಚುನಿಬಾಲಾ ದೇವಿಯ ಆ ಮುಖದ ಒಂದೊಂದು ಗೆರೆಯನ್ನೂ ನೋಡಿದ ಮೇಲೆ, ಅವಳನ್ನು ಬೇಗ ಕಳಿಸಿಕೊಡಲು ಯಾರಿಗೆ ಮನಸ್ಸು ಬರುತ್ತಿತ್ತು ಹೇಳು.

ಧ್ವನಿಯೂ ತಿಳಿಯಾಗಿದೆ. ಮಗಳು ಸತ್ತದ್ದು ಗೊತ್ತಿಲ್ಲದೆ ಹರಿಹರ ಪರವೂರಿಂದ ಮನೆಗೆ ಬಂದು, ಅವಳಿಗೆ ತಂದ ಸೀರೆಯನ್ನು ಸರ್ಬಜಯಾಳ ಕೈಗಿಡುವ ದೃಶ್ಯ ನೆನಪಿದೆಯಲ್ಲ? ಅವಳು ಬಾಯಿ ತೆರೆದು ಅಳುತ್ತಾಳೆ, ಕೇಳಿಸುವುದು ಅಳು ಅಲ್ಲ, ತಾರ್ ಶಹನಾಯಿ ಅನ್ನುವ ತಂತಿವಾದ್ಯ. ಮೊದಲೆಲ್ಲ ಕರಕರ ಸದ್ದಿನ ನಡುವೆ ಅದು ಹಿನ್ನೆಲೆ ಸಂಗೀತ ಅಂದುಕೊಂಡಿದ್ದೆ. ಈ ಸಲ ಅದು ನೇರವಾಗಿ ಅವಳ ಗಂಟಲಿನಿಂದಲೇ ಬಂತು. ಅಲ್ಲಿ ನಿಲ್ಲಿಸಿ, ಎದ್ದು ಸ್ವಲ್ಪ ಓಡಾಡಿ ಬಂದೆ.

ಡಿಸ್ಕ್ ನಿನಗೆ ಕಳಿಸುತ್ತೇನೆ. ನೋಡೋಕೆ ಮೊದಲು ಕಾದಂಬರಿಯಲ್ಲಿ ಆ ಭರಣಿಯ ಭಾಗ ಒಮ್ಮೆ ಓದು. ಬಿದಿರು ಮೆಳೆಯೇ ಸರಿ ಅಂತ ನಿನಗೆ ಅನ್ನಿಸಿದರೆ ಫೋನ್ ಮಾಡು, ಜಗಳಕ್ಕೆ ನಾನು ತಯಾರು.

ನಿನ್ನವ