ಐದನೇ ಲೆಕ್ಕ ಬಿಡಿಸಿ ಕಳಿಸುವುದಿಲ್ಲ ಮಾರಾಯಾ

ಶಿರಸಿ,
ಶುಕ್ರವಾರ ರಾತ್ರಿ

ಮಾರಾಯಾ,

ಎಲೆಕ್ಟ್ರಿಕಲ್ ಅಸೈನ್‌ಮೆಂಟ್ ಹಾಳೆ ಬಂತು. ಜೊತೆಗೆ ನಿನ್ನದು ಒಂದೇ ಸಾಲು: "ಐದು ಬರ್ಲಿಲ್ಲ, ಆನ್ಸರ್ ಹಾಕು." ಹಾಕುವುದಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಪತ್ರ. ಕ್ಲಾಸಿನ ಉಳಿದವರೂ ಇದನ್ನೇ ಕೇಳ್ತಿದ್ದಾರೆ, ಅವರೂ ಓದಲಿ.

"ಬರ್ಲಿಲ್ಲ" ಅಂದರೆ ನನಗೇನು ತಿಳಿಯಬೇಕು ಹೇಳು. ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು ಅಂತ ಬರೆದಿದ್ದರೆ ನನ್ನ ಅರ್ಧ ಕೆಲಸ ಆಗ್ತಿತ್ತು. ಈಗ ನಾನೇ ಊಹಿಸಬೇಕು. ನಿನಗೆ 1.732 ಬಂದಿದೆ, ಪುಸ್ತಕದ ಹಿಂದೆ 3 ಅಂತಿದೆ. ಹೌದೋ ಅಲ್ಲವೋ? ಎಲ್ಲರ ಗಾಡಿಯೂ ಅಲ್ಲೇ ಹುಗಿದಿದೆ.

ಲೆಕ್ಕ ಇಷ್ಟೇ: 415 ವೋಲ್ಟಿನ ತ್ರೀ ಫೇಸ್ ಲೈನು, ಫೇಸಿಗೆ 20 ಓಮ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ). ಅದೇ ಲೋಡನ್ನು ಡೆಲ್ಟಾದಿಂದ (ಮೂರು ಕಾಯಿಲು ತ್ರಿಕೋನವಾಗಿ) ಸ್ಟಾರಿಗೆ (ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿಸಿ) ಬದಲಿಸಿದರೆ ಲೈನ್ ಕರೆಂಟು ಎಷ್ಟು ಪಟ್ಟು ಇಳೀತದೆ? ಸ್ಟಾರಿನಲ್ಲಿ ಒಂದು ಕಾಯಿಲಿಗೆ ಸಿಗುವುದು 415 ಅಲ್ಲ, 240ರ ಹತ್ತಿರ. ಅಲ್ಲಿ ಒಂದು ರೂಟ್ ಮೂರು, ಅಂದರೆ ನಿನ್ನ 1.732, ಹೋಯಿತು. ಇಲ್ಲಿವರೆಗೆ ನೀನೂ ಬಂದಿರ್ತೀಯ. ಗುಣಿಸಿ 3 ಆಗಲಿಕ್ಕೆ ಬೇಕಾದ ಇನ್ನೊಂದು ರೂಟ್ ಮೂರು ಎಲ್ಲಿದೆ ಅನ್ನುವುದೇ ಪ್ರಶ್ನೆ.

ನನಗೆ ಅದು ಕಂಡದ್ದು ಮಾರಿಗುಡಿ ಹತ್ತಿರದ ರಿವೈಂಡಿಂಗ್ ಅಂಗಡಿಯಲ್ಲಿ. ತೋಟದ ಮೋಟಾರು ಸುಟ್ಟಿತ್ತು ಅಂತ ಅಪ್ಪಯ್ಯ ಕೊಟ್ಟು ಬಂದಿದ್ದ, ತರಲಿಕ್ಕೆ ನನ್ನನ್ನು ಕಳಿಸಿದ. ಹಸಿ ವಾರ್ನಿಶ್ ವಾಸನೆಗೆ ತಲೆ ತಿರುಗ್ತಿತ್ತು. ಕಾಯುವಷ್ಟು ಹೊತ್ತು ಸುಮ್ಮನೆ ಕೂರುವುದೇಕೆ ಅಂತ ಈ ಲೆಕ್ಕವನ್ನೇ ಕೇಳಿದೆ. ಅಂಗಡಿಯವರು ನಕ್ಕರು. "ಸ್ಟಾರಲ್ಲಿ ಮೂರರಲ್ಲೊಂದು ಪಾಲು ತಗೊಳ್ತದೆ ತಮ್ಮಾ. ಟಾಂಗ್ ಟೆಸ್ಟರ್ ಹಾಕಿದ್ರೆ ಕಾಣ್ತದೆ. ರೂಟು ಗೀಟು ನಂಗೊತ್ತಿಲ್ಲ." ಅಂದವರು ಸುಮ್ಮನಾಗಲಿಲ್ಲ. ಬೆಂಚಿನ ಮೇಲಿದ್ದ ಬೇರೊಂದು ದೊಡ್ಡ ಮೋಟಾರಿನ ಟರ್ಮಿನಲ್ ಡಬ್ಬಿ ಬಿಚ್ಚಿದರು. ಆರು ಬೋಲ್ಟು, ಮೂರು ಹಿತ್ತಾಳೆ ಪಟ್ಟಿ. ಪಟ್ಟಿಗಳನ್ನು ಉದ್ದಕ್ಕೆ ಹಾಕಿದರೆ ಡೆಲ್ಟಾ, ಒಂದೇ ಬದಿಗೆ ಅಡ್ಡ ಹಾಕಿದರೆ ಸ್ಟಾರು. ಸ್ಕ್ರೂಡ್ರೈವರ್ ತುದಿ ಲೈನ್ ವಯರಿನ ಬೋಲ್ಟಿಗೆ ಇಟ್ಟು ಕೇಳಿದರು: "ಈ ವಯರಿಗೆ ಎಷ್ಟು ಕಾಯಿಲು ಸಿಕ್ಕಿದೆ, ಎಣಿಸು."

ಡೆಲ್ಟಾದಲ್ಲಿ ಎರಡು. ಸ್ಟಾರಿನಲ್ಲಿ ಒಂದೇ ಒಂದು.

ಅಷ್ಟೇ ಮಾರಾಯಾ, ಇನ್ನೊಂದು ರೂಟ್ ಮೂರು ಇದ್ದದ್ದು ಆ ಬೋಲ್ಟಿನ ಕೆಳಗೆ. ಎರಡು ಕಾಯಿಲಿದ್ದರೆ ಎರಡು ಪಟ್ಟು ಆಗಬೇಕಿತ್ತಲ್ಲ ಅಂತೀಯ. ಎರಡರ ಕರೆಂಟೂ ಒಂದೇ ಹೊತ್ತಿಗೆ ಏರಿ ಒಂದೇ ಹೊತ್ತಿಗೆ ಇಳಿಯುವುದಿಲ್ಲ. ಫೇಸರ್ (ಕರೆಂಟಿನ ಅಳತೆ, ಹೊತ್ತಿನ ಅಂತರ ಎರಡೂ ತೋರಿಸುವ ಬಾಣ) ಬರೆದು ನೋಡು, ಅದಂತೂ ನಿನ್ನದೇ ಕೆಲಸ. ಕೊನೆಗೆ ಡೆಲ್ಟಾಕ್ಕೆ 36 ಆಂಪಿಯರ್ ಹತ್ತಿರ, ಸ್ಟಾರಿಗೆ 12ರ ಹತ್ತಿರ ಬರಬೇಕು. ಬರದಿದ್ದರೆ ಬರೆದ ಹಾಳೆಯನ್ನೇ ಕಳಿಸು, ಫೇರ್ ಮಾಡಬೇಡ, ಕಾಟು ಹೊಡೆದದ್ದೆಲ್ಲ ಹಾಗೇ ಇರಲಿ.

ಸ್ಟಾರಿನಲ್ಲಿ ಸ್ಟಾರ್ಟ್ ಮಾಡಿದರೆ ಟಾರ್ಕ್ (ತಿರುಗಿಸುವ ಬಲ) ಎಷ್ಟು ಅನ್ನುವ ಆರನೆಯದಕ್ಕೂ ಆ ಅಂಗಡಿಯವರದೇ ಮಾತು ಸಾಕು: "ಬೆಲ್ಟು ಬಿಗಿದು ಲೋಡ್ ಹಾಕಿಟ್ರೆ ಸ್ಟಾರಲ್ಲಿ ಏಳೂದಿಲ್ಲ." ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳೀತದೆ, ಅದೂ ಮೂರರಲ್ಲೊಂದು.

ಸೀನಿಯರ್ ನೋಟ್ಸಿನಿಂದ ಇಳಿಸಬೇಡ ಅಂತ ನಾನು ಉಪದೇಶ ಮಾಡುವುದಿಲ್ಲ. ಆದರೆ ಹೋದ ಸೆಮಿಸ್ಟರಿನಲ್ಲಿ ಅದರಲ್ಲಿದ್ದ 6 ಯಾರದೋ ಕೈಯಲ್ಲಿ 9 ಆಗಿ, ಇಡೀ ಬ್ಯಾಚು 9 ಬರೆದು ಕೊಟ್ಟದ್ದು ನೆನಪಿದೆಯಲ್ಲ? ಅದರ ಬದಲು ಕೈಗಾದಲ್ಲಿ ಅಪ್ರೆಂಟಿಸ್ ಇರುವ ನಮ್ಮ ಸೀನಿಯರನ್ನು ಕೇಳು. ದೂರಕ್ಕೆ ಕಳಿಸುವಾಗ ವೋಲ್ಟೇಜು ಯಾಕೆ ಏರಿಸ್ತಾರೆ ಅನ್ನುವ ಒಂಬತ್ತನೆಯದಕ್ಕೆ ಆತ ನನಗೆ ಉತ್ತರ ಹೇಳಲಿಲ್ಲ, ಮರುಪ್ರಶ್ನೆ ಹಾಕಿದ: ಕೈಗಾದ ಒಂದು ಯೂನಿಟ್ಟು 220 ಮೆಗಾವಾಟ್, ಅದನ್ನು 415 ವೋಲ್ಟಿನಲ್ಲೇ ಕಳಿಸಿದರೆ ಎಷ್ಟು ಆಂಪಿಯರ್? ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 1 ಹಿಡಿದರೂ ಮೂರು ಲಕ್ಷ ದಾಟ್ತದೆ! 400 ಕೆವಿ ಮಾಡಿದರೆ 318. ಆಮೇಲೆ ಲೈನ್ ಲಾಸ್ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಏಳನೆಯದರಲ್ಲಿ ಒಂದು ವಾಟ್‌ಮೀಟರಿಗೆ ಮೈನಸ್ 1000 ಅಂತಿರುವುದು ಮುದ್ರಣದೋಷ ಅಂತ ನೀನು ಗ್ರೂಪಿನಲ್ಲಿ ಸಾರಿದ್ದೀಯ. ಅಲ್ಲ. ಎರಡು ವಾಟ್‌ಮೀಟರ್ ಹಾಕಿದಾಗ ಒಂದು ಮೈನಸ್ ತೋರಿಸಬಹುದು, ಪವರ್ ಫ್ಯಾಕ್ಟರ್ 0.5ಕ್ಕಿಂತ ಕೆಳಗೆ ಬಿದ್ದರೆ. 3000ಕ್ಕೆ ಮೈನಸ್ 1000 ಕೂಡಿಸು, ಒಟ್ಟು 2000 ವಾಟ್, ಪವರ್ ಫ್ಯಾಕ್ಟರ್ 0.28ರ ಹತ್ತಿರ. ಲೋಡಿಲ್ಲದೆ ತಿರುಗುವ ಮೋಟಾರಿಗೆ ಇದು ಇದ್ದದ್ದೇ.

ಈಗ ನನ್ನ ಪಾಳಿ. ಎಂಟನೆಯದು, ಥೆವೆನಿನ್: ಇಡೀ ಸರ್ಕಿಟ್ಟನ್ನು ಒಂದು ಸೋರ್ಸು, ಒಂದು ರೆಸಿಸ್ಟೆನ್ಸಿಗೆ ಇಳಿಸುವುದು. ಡಿಪೆಂಡೆಂಟ್ ಸೋರ್ಸ್ (ಸರ್ಕಿಟ್ಟಿನ ಇನ್ನೊಂದು ಕರೆಂಟಿಗೆ ತಕ್ಕಂತೆ ಬದಲಾಗುವುದು) ಇರುವುದರಿಂದ ಅದನ್ನು ತೆಗೆಯುವ ಹಾಗಿಲ್ಲ. ತುದಿಗಳಿಗೆ 1 ವೋಲ್ಟ್ ಕೊಟ್ಟೆ. 10 ಓಮಿನಲ್ಲಿ 0.1 ಆಂಪಿಯರ್ ಹರೀತದೆ, ಸೋರ್ಸು ಅದರ ಮೂರು ಪಟ್ಟು. ಇಲ್ಲಿ ನಿಂತೆ. ಫೋಟೋದಲ್ಲಿ ಆ ಸೋರ್ಸಿನ ಬಾಣ ಮಸುಕಾಗಿದೆ. ಕೆಳಮುಖ ಆದರೆ 2.5 ಓಮ್, ಮೇಲ್ಮುಖ ಆದರೆ ಮೈನಸ್ 5. ಮೈನಸ್ ಬಂದರೂ ನಡೀತದೆ ಅಂತ ನನ್ನ ಲೆಕ್ಕ, ಆ ಸೋರ್ಸು ಹೊರಗೆ ಪವರ್ ಕೊಡ್ತಿದೆಯಲ್ಲ. ಆದರೆ ನಿನ್ನ ರೂಮ್‌ಮೇಟ್ ಒಪ್ಪುವುದಿಲ್ಲ ಅಂತ ಕೇಳಿದೆ. ಯಾಕಂತೆ? ಅವನ ಕೆಸಿಎಲ್ (ಜಂಕ್ಷನ್ನಿಗೆ ಬಂದಷ್ಟೇ ಕರೆಂಟು ಹೋಗಬೇಕು ಅನ್ನುವ ನಿಯಮ) ಸಾಲನ್ನು ಹಾಗೇ ಬರೆದು ಕಳಿಸು, ಬಾಣ ಎತ್ತಲಾಗಿದೆ ಅಂತ ಮೂಲ ಹಾಳೆ ನೋಡಿ ಹೇಳು. ಸೋಮವಾರ ಸಬ್ಮಿಶನ್, ನಾನು ಭಾನುವಾರ ಮಧ್ಯಾಹ್ನದ ಬಸ್ಸಿಗೆ ದೇವಿಮನೆ ಘಟ್ಟ ಇಳೀತೇನೆ. ಅಷ್ಟರೊಳಗೆ ಸಿಕ್ಕರೆ ಸಾಕು.

ನಿನ್ನ,
ಶಿರಸಿಯವ