ಹೊಲ ಸರಿಪಡಿಸುವ ನೆರವು ತಡವಾಗದಿರಲಿ

ಮಾನ್ಯ ಸಂಪಾದಕರೇ,

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತವು ನಾರ್ತ್ ಕೆರೊಲಿನಾದ ಪಶ್ಚಿಮದ ಗುಡ್ಡಗಾಡು ಕೌಂಟಿಗಳಲ್ಲಿ ಹೊಳೆಯಂಚಿನ ಹೊಲಗಳ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಮರಳು, ಕಲ್ಲು, ಮುರಿದ ಮರಗಳನ್ನು ತಂದು ಸುರಿಯಿತು. ಇಂಥ ಜಮೀನನ್ನು ಮತ್ತೆ ಸಾಗುವಳಿಗೆ ತರಲು ಅಮೆರಿಕದ ಕೃಷಿ ಇಲಾಖೆಯ ತುರ್ತು ಸಂರಕ್ಷಣಾ ಯೋಜನೆಯು ಸಾಮಾನ್ಯವಾಗಿ ವೆಚ್ಚದ ಶೇ 75ರವರೆಗೆ, ಹೊಸದಾಗಿ ಬೇಸಾಯಕ್ಕಿಳಿದವರಿಗೆ ಶೇ 90ರವರೆಗೆ ಭರಿಸುತ್ತದೆ. ಇದನ್ನು ಪುಕ್ಕಟೆ ಹಣವೆಂದು ಆಡಿಕೊಳ್ಳುವುದು ಅನ್ಯಾಯ. ಉಳಿದ ಪಾಲನ್ನು ರೈತನೇ ಹೊಂದಿಸಬೇಕು. ಮುಂಗಡವಾಗಿ ಸಿಗುವುದು ಹೆಚ್ಚೆಂದರೆ ಕಾಲುಭಾಗ, ಮಿಕ್ಕಿದ್ದು ಕೆಲಸ ಮುಗಿಸಿ ಲೆಕ್ಕ ಒಪ್ಪಿಸಿದ ಮೇಲೆಯೇ.

ಅನುಮೋದನೆಗೆ ಮೊದಲೇ ಕೆಲಸ ಆರಂಭಿಸಿದರೆ ನೆರವು ಕೈತಪ್ಪುವ ಭಯ ಬೇರೆ. ಬೇಲಿ ಕಿತ್ತುಹೋದ ಹುಲ್ಲುಗಾವಲಿನ ದನಗಳು ರಸ್ತೆಗೆ ಬರದಂತೆ ಅಂದೇ ಸಂಜೆ ತಂತಿ ಬಿಗಿಯಬೇಕಾದ ರೈತ, ಸ್ಥಳ ಪರಿಶೀಲನೆಗೆ ಅಧಿಕಾರಿ ಬರುವವರೆಗೆ ಕಾಯುವುದಾದರೂ ಹೇಗೆ?

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಯೋಜನೆ ಬಹುಮಟ್ಟಿಗೆ ಅನಾಹುತ ನಡೆದ ನಂತರ ಸಂಸತ್ತು ಮಂಜೂರು ಮಾಡುವ ಹಣವನ್ನೇ ನೆಚ್ಚಿಕೊಂಡಿರುವುದು. ಪ್ರತಿವರ್ಷದ ಬಜೆಟ್ಟಿನಲ್ಲೇ ಇದಕ್ಕೊಂದು ಖಚಿತ ಮೊತ್ತ ತೆಗೆದಿಡಬೇಕು, ಬೇಲಿಯಂಥ ಸಣ್ಣ ದುರಸ್ತಿಗೆ ಛಾಯಾಚಿತ್ರ ಮತ್ತು ರಸೀದಿಗಳನ್ನೇ ಸಾಕ್ಷ್ಯವಾಗಿ ಒಪ್ಪಬೇಕು.

— ಓದುಗ, ರಾಲಿ, ನಾರ್ತ್ ಕೆರೊಲಿನಾ